ಬಿಳುಪಿನ ಆಸೆ, ತೆಳುವಾದ ಚರ್ಮ

ಚರ್ಮರೋಗ ಚಿಕಿತ್ಸೆಯ ದಿಕ್ಕು ಬದಲಾದದ್ದು 1952ರಲ್ಲಿ. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಹಚ್ಚಿದರೆ ಇಸುಬು ಇಳಿಯುತ್ತದೆ ಎಂದು ಅಮೆರಿಕದ ಮೇರಿಯನ್ ಸಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್ ಆ ವರ್ಷ ತೋರಿಸಿಕೊಟ್ಟರು. ಮುಂದೆ ಅಣುವಿಗೆ ಫ್ಲೋರಿನ್ ಸೇರಿಸಿ ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಹಲವು ಪಟ್ಟು ಬಲವಾದ ಮುಲಾಮುಗಳನ್ನು ತಯಾರಿಸಿದರು. ಅವುಗಳ ಬಲ ಅಳೆಯುವ ವಿಧಾನವನ್ನು ಮೆಕೆಂಜಿ ಮತ್ತು ಸ್ಟೌಟನ್ 1962ರಲ್ಲಿ ರೂಪಿಸಿದರು. ಔಷಧ ರಕ್ತನಾಳಗಳನ್ನು ಬಿಗಿಯುವುದರಿಂದ ಹಚ್ಚಿದ ಜಾಗ ಬಿಳುಚಿಕೊಳ್ಳುತ್ತದೆ. ಹೆಚ್ಚು ಬಿಳುಚಿದಷ್ಟೂ ಔಷಧ ಪ್ರಬಲ. ಪ್ರಯೋಗಾಲಯಕ್ಕೆ ಅಳತೆಗೋಲಾದ ಈ ಬಿಳುಪೇ ಮುಂದೆ ಮಾರುಕಟ್ಟೆಗೆ ಆಮಿಷವಾಯಿತು.

ಅಪಾಯ ತಿಳಿಯಲು ತಡವಾಗಲಿಲ್ಲ. ಹೈಡ್ರೋಕಾರ್ಟಿಸೋನನ್ನು ಮುಂಗೈಗಿಂತ ದವಡೆಯ ಚರ್ಮ 13 ಪಟ್ಟು, ವೃಷಣದ ಚರ್ಮ 42 ಪಟ್ಟು ಹೆಚ್ಚು ಹೀರುತ್ತದೆಂದು ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಕಂಡುಕೊಂಡರು. ಸ್ಟೀರಾಯ್ಡ್ ಹಚ್ಚಿದಾಗ ಹುಳುಕಡ್ಡಿ ತನ್ನ ಗುರುತೇ ಸಿಗದಂತೆ ಹರಡುವುದನ್ನು 1968ರಲ್ಲಿ ಐವ್ ಮತ್ತು ಮಾರ್ಕ್ಸ್ ದಾಖಲಿಸಿದರು. ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ವಿಲ್ಲಿಸ್ ಜತೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮತ್ತು ಡೆಕ್ಸಾಮೆಥಸೋನ್ ಬೆರೆಸಿ ಚರ್ಮದ ಬಣ್ಣ ತಿಳಿಯಾಗಿಸುವ ಸೂತ್ರ ಕೊಟ್ಟರು. ಅದೇ ಕ್ಲಿಗ್‌ಮನ್ 1979ರಲ್ಲಿ ಫ್ರಾಶ್ ಜತೆ ‘ಸ್ಟೀರಾಯ್ಡ್ ಚಟ’ದ ಬಗ್ಗೆ ಎಚ್ಚರಿಸಿದರು. ತಿಂಗಳುಗಟ್ಟಲೆ ಹಚ್ಚಿದ ಮುಖದಲ್ಲಿ ಕಾಲಜನ್ ಕುಗ್ಗಿ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪಗೆ ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ನೆಮ್ಮದಿ: ಸಾಲ ತೀರಿಸಲು ಮತ್ತೆ ಸಾಲ ಮಾಡಿದ ಹಾಗೆ.

ಇಷ್ಟೆಲ್ಲ ಗೊತ್ತಿದ್ದರೂ ಭಾರತದಲ್ಲಿ ಈ ಮುಲಾಮುಗಳು ಮೆಡಿಕಲ್ ಶಾಪ್‌ನಲ್ಲಿ ಕೇಳಿದವರಿಗೆಲ್ಲ ಸಿಕ್ಕವು. ಮೊಡವೆಗೆ, ಭಂಗಿಗೆ, ಬೆಳ್ಳಗಾಗಲು, ತೊಡೆಸಂದಿಯ ತುರಿಕೆಗೆ, ಅಂದರೆ ಔಷಧವನ್ನು ಅತಿ ಹೆಚ್ಚು ಹೀರುವ ಜಾಗಗಳಿಗೇ, ಜನ ಹಚ್ಚಿಕೊಂಡರು. ಸ್ಟೀರಾಯ್ಡ್‌ನಿಂದ ಹಾಳಾದ ಮುಖದ ಈ ಅವಸ್ಥೆಯನ್ನು ಕೋಲ್ಕತ್ತದ ವೈದ್ಯರಾದ ಕೌಶಿಕ್ ಲಾಹಿರಿ ಮತ್ತು ಅರಿಜಿತ್ ಕುಂಡು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. 2011ರಲ್ಲಿ ಪ್ರಕಟವಾದ 12 ಕೇಂದ್ರಗಳ ಅಧ್ಯಯನ ಮುಖದ ಚರ್ಮರೋಗವಿದ್ದ 2,926 ಮಂದಿಯನ್ನು ಪರೀಕ್ಷಿಸಿತು. ಅವರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲೂ ಶೇ 59ರಷ್ಟು ಜನಕ್ಕೆ ಅದನ್ನು ಸೂಚಿಸಿದವರು ವೈದ್ಯರಲ್ಲ.

ಇತ್ತೀಚಿನ ಅಧ್ಯಾಯ ಶಿಲೀಂಧ್ರದ್ದು. ಹುಳುಕಡ್ಡಿ ತರುವ, 2020ರಲ್ಲಿ ಹೊಸ ಹೆಸರು ಪಡೆದ ‘ಟ್ರೈಕೊಫೈಟಾನ್ ಇಂಡೋಟಿನಿಯೇ’ ಸಾಮಾನ್ಯ ಔಷಧ ಟರ್ಬಿನಾಫಿನ್‌ಗೆ ಹಲವು ಸಲ ಬಗ್ಗುವುದಿಲ್ಲ. ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಕ್ರೀಮ್‌ಗಳ ದುರ್ಬಳಕೆಯೂ ಈ ಶಿಲೀಂಧ್ರ ಹರಡಲು ಕಾರಣವೆಂದು ತಜ್ಞರು ಶಂಕಿಸುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ 328 ಮಿಶ್ರಣಗಳಲ್ಲಿ ಇಂಥ ಕೆಲವು ಕ್ರೀಮ್‌ಗಳೂ ಇದ್ದವು. ಹಾಗೆಂದು ಔಷಧಕ್ಕೇ ಹೆದರುವುದು ಸರಿಯಲ್ಲ; ಇಸುಬು, ಸೋರಿಯಾಸಿಸ್‌ಗೆ ಸರಿಯಾದ ಬಲದ ಮುಲಾಮು ಇಂದಿಗೂ ಮೊದಲ ಆಸರೆ. ಆಗುವ ಹಾನಿಯೇನೆಂದು 1979ರ ಹೊತ್ತಿಗೇ ಬಹುಪಾಲು ತಿಳಿದಿತ್ತು. ಆಮೇಲಿನ ನಾಲ್ಕು ದಶಕಗಳ ಸೋಲು ವಿಜ್ಞಾನದ್ದಲ್ಲ, ಚೀಟಿ ಕೇಳದ ಅಂಗಡಿಯದು, ಬಿಳುಪನ್ನೇ ಚೆಲುವೆಂದು ನಂಬಿದ ನಮ್ಮದು.