ನೆಲ ಮುಟ್ಟಿದ ಮೇಲೆ ಗಿರಕಿ: ಬಾಲಗಾಲಿ ವಿಮಾನಗಳ ಕಥೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ವಿಮಾನವೆಂದೊಡನೆ ನೆನಪಾಗುವುದು ಬಜಪೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಅಲ್ಲಿನ ನಿಲ್ದಾಣ ಆರಂಭವಾಯಿತು. ಡಕೋಟಾದ ಚಿತ್ರವನ್ನು ನೀವು ನೋಡಿರಬಹುದು. ನಿಂತಾಗ ಅದರ ಮೂಗು ಮೇಲಕ್ಕೆ, ಬಾಲ ಕೆಳಕ್ಕೆ. ರೆಕ್ಕೆಗಳಡಿ ಎರಡು ದೊಡ್ಡ ಗಾಲಿಗಳು, ಬಾಲದಡಿ ಒಂದು ಪುಟ್ಟ ಗಾಲಿ.

ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಎಚ್‌ಟಿ-2 ತರಬೇತಿ ವಿಮಾನ ಮೊದಲ ಬಾರಿ ಹಾರಿತ್ತು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ವಿಮಾನವಿದು. 1958ರಲ್ಲಿ ಅಲ್ಲಿಯೇ ಪುಷ್ಪಕ್ ಹಾರಿತು. ಎರಡೂ ಬಾಲಗಾಲಿಯವೇ.

ಈ ವಿನ್ಯಾಸಕ್ಕೆ ಕಾರಣಗಳಿದ್ದವು. ಮೊದಲ ವಿಮಾನಗಳು ಇಳಿಯುತ್ತಿದ್ದುದು ಹುಲ್ಲುಬಯಲುಗಳಲ್ಲಿ. ಮೂಗು ಎತ್ತರದಲ್ಲಿದ್ದರೆ ಪ್ರೊಪೆಲರ್ ನೆಲಕ್ಕೆ ತಾಗದು. ಪುಟ್ಟ ಗಾಲಿಯ ತೂಕವೂ ಕಡಿಮೆ.

ತೊಂದರೆ ಕಾಣಿಸುತ್ತಿದ್ದುದು ಇಳಿದ ಮೇಲೆ. ಟ್ರ್ಯಾಕ್ಟರ್ ಮುಂದೆ ಹೋಗುವಾಗ ಟ್ರೇಲರ್ ತಾನಾಗಿ ಹಿಂಬಾಲಿಸುತ್ತದೆ. ಹಿಂದಕ್ಕೆ ನೂಕಿದರೆ? ತುಸು ಓರೆಯಾದರೂ ಸಾಕು, ಆ ಓರೆ ಹೆಚ್ಚುತ್ತಲೇ ಹೋಗುತ್ತದೆ. ಬಾಲಗಾಲಿ ವಿಮಾನದ ಗುರುತ್ವ ಕೇಂದ್ರ ಮುಖ್ಯ ಗಾಲಿಗಳ ಹಿಂದಿರುತ್ತದೆ. ಗಾಲಿಗಳಲ್ಲಿ ಘರ್ಷಣೆ ತಡೆಯೊಡ್ಡಿದರೆ, ಹಿಂದಿನ ತೂಕ ಜಡತ್ವದಿಂದ ಮುಂದೆ ನುಗ್ಗುತ್ತದೆ. ಮೂಗು ಓರೆಯಾದರೆ ಬಾಲ ಮೂಗನ್ನು ಹಿಂದಿಕ್ಕಲು ಹೊರಡುತ್ತದೆ! ವಿಮಾನ ಗಿರಕಿ ಹೊಡೆದು ರೆಕ್ಕೆಯ ತುದಿ ನೆಲಕ್ಕೆ ಉಜ್ಜಬಹುದು, ಗಾಲಿಯ ಕಾಲು ಮುರಿಯಬಹುದು. ಇದೇ ಗ್ರೌಂಡ್ ಲೂಪ್.

ಪೈಲಟ್ ಕಾಲಿನ ಪೆಡಲ್‌ಗಳಿಂದ ಚುಕ್ಕಾಣಿ ತಿರುಗಿಸಿ ಇದನ್ನು ತಡೆಯಬೇಕು. ಆದರೆ ವೇಗ ತಗ್ಗಿದಂತೆ ಚುಕ್ಕಾಣಿಯ ಮೇಲೆ ಹರಿಯುವ ಗಾಳಿಯೂ ತಗ್ಗುತ್ತದೆ. ಬಾಲ ನೆಲಕ್ಕಿಳಿದ ಮೇಲೆ ಎತ್ತಿದ ಮೂಗು ಮುಂದಿನ ನೋಟವನ್ನು ಮರೆಮಾಡುತ್ತದೆ. ಆದ್ದರಿಂದ ವಿಮಾನ ಪೂರ್ತಿ ನಿಲ್ಲುವವರೆಗೂ ಪೈಲಟ್ ಮೈಮರೆಯುವಂತಿಲ್ಲ.

ವಿಶಾಲ ಹುಲ್ಲುಬಯಲಿನಲ್ಲಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇಳಿಯಬಹುದಿತ್ತು. ಹುಲ್ಲಿನಲ್ಲಿ ಗಾಲಿ ತುಸು ಜಾರುತ್ತಿತ್ತು ಕೂಡ. ಗಟ್ಟಿ ರನ್‌ವೇ ಬಂದಾಗ ಎರಡೂ ಅನುಕೂಲ ತಪ್ಪಿದವು. ಬಜಪೆಯಂತೆ ಗುಡ್ಡದ ನೆತ್ತಿ ಸಮತಟ್ಟು ಮಾಡಿದ ಕಡೆ ರನ್‌ವೇ ದಿಕ್ಕು ನಿಗದಿಯಾಗಿರುತ್ತದೆ, ಗಾಳಿಯ ದಿಕ್ಕಲ್ಲ. ಅಡ್ಡಗಾಳಿ ಬಾಲಕ್ಕೆ ಬಡಿದರೆ ಮೂಗು ಗಾಳಿಯತ್ತ ತಿರುಗುತ್ತದೆ, ಗಿರಕಿಗೆ ನಾಂದಿಯಾಗುತ್ತದೆ.

ಪರಿಹಾರ ಸರಳ. ಪುಟ್ಟ ಗಾಲಿಯನ್ನು ಮೂಗಿನಡಿಗೆ ತಂದು, ಮುಖ್ಯ ಗಾಲಿಗಳನ್ನು ಗುರುತ್ವ ಕೇಂದ್ರದ ಹಿಂದಕ್ಕೆ ಸರಿಸಿದರು. ಹಿಂದೆ ವಿಮಾನವನ್ನು ತಿರುಗಿಸುತ್ತಿದ್ದ ಅದೇ ಘರ್ಷಣೆ ಈಗ ಅದನ್ನು ನೇರಗೊಳಿಸುತ್ತದೆ. ಅಮೆರಿಕದ ಸೆಸ್ನಾ-170 ಬಾಲಗಾಲಿಯದು. ಅದರಿಂದಲೇ ರೂಪುಗೊಂಡು 1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ-172 ಮೂಗುಗಾಲಿಯದು. ನಮ್ಮಲ್ಲಿ 1977ರಲ್ಲಿ ಹಾರಿದ ದೀಪಕ್, 1993ರಲ್ಲಿ ಹಾರಿದ ಎನ್‌ಎಎಲ್‌ನ ಹಂಸ, ಎರಡೂ ಮೂಗುಗಾಲಿಯವು.

ಗಿರಕಿ ಹೊಡೆದಾಗಲೆಲ್ಲ ಕಲಿಯುವವನ ಕಾಲನ್ನೇ ದೂರುವುದು ಸುಲಭ. ತಪ್ಪಿನ ಒಂದು ಪಾಲು ಗಾಲಿಯ ಜಾಗದಲ್ಲಿತ್ತು. ಮುಂದೆ ಬಜಪೆಗೆ ಹೋದಾಗ ವಿಮಾನದ ಪುಟ್ಟ ಗಾಲಿ ಎಲ್ಲಿದೆ ಎಂದು ನೋಡಿ.