ಬಿದನೂರಿನ ದಂಡು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಸಂಚರಿಸಿದವರಿಗೆ ಅಮೃತಮಹಲ್ ಕಾವಲುಗಳು ಅಪರಿಚಿತವಲ್ಲ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಆ ರಾಸುಗಳು ಈಗಲೂ ಮೇಯುತ್ತವೆ. ನೀಳ ಕೊಂಬಿನ, ಚುರುಕು ನಡೆಯ ಈ ಎತ್ತುಗಳಿಗೆ ಹೆಸರು ತಂದದ್ದು ಯುದ್ಧ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯನ್ನು ಹೈದರಾಲಿ ದಂಡಿನ ಸಾಗಣೆಗೆ ಹೊಂದಿಸಿಕೊಂಡ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಕೀರ್ತಿಯ ಒಂದು ಪ್ರಸಂಗದ ಹಿಂದೆ, ಅಧಿಕಾರಿಗಳ ಒಳಜಗಳದಿಂದ ಎದುರಾಳಿಯ ದಂಡೇ ಒಡೆದುಹೋದ ವೃತ್ತಾಂತವಿದೆ.

1782ರ ಡಿಸೆಂಬರ್ 7ರಂದು ಹೈದರಾಲಿ ತೀರಿಕೊಂಡ. ಟಿಪ್ಪು ಮಲಬಾರಿನಿಂದ ಧಾವಿಸಿ ಪೂರ್ವ ಭಾಗದಲ್ಲಿದ್ದ ಸೈನ್ಯವನ್ನು ಸೇರಿಕೊಂಡ. ಆ ಸಮಯದಲ್ಲಿ ಮುಂಬಯಿ ಸರ್ಕಾರದ ಬ್ರಿಗೇಡಿಯರ್ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಕರಾವಳಿಯಲ್ಲಿಳಿದು, ಹೊಸಂಗಡಿ ಘಟ್ಟವನ್ನೇರಿ, 1783ರ ಜನವರಿ ಕೊನೆಯಲ್ಲಿ ಬಿದನೂರನ್ನು ಮುಟ್ಟಿದ. ತರೀಕೆರೆಗೆ ಪಶ್ಚಿಮದಲ್ಲಿ, ಮಲೆನಾಡಿನ ಒಡಲಲ್ಲಿರುವ ಈಗಿನ ನಗರವೇ ಅದು. ಟಿಪ್ಪುವಿನೊಡನೆ ವಿರಸವಿದ್ದ ಅಲ್ಲಿನ ಅಧಿಕಾರಿ ಅಯಾಜ್ ಕೋಟೆಯನ್ನು ಒಪ್ಪಿಸಿಬಿಟ್ಟ.

ಗೆಲುವು ಇಷ್ಟು ಸುಲಭವಾದದ್ದೇ ಕೇಡಿಗೆ ಮೂಲವಾಯಿತು. ಬೊಕ್ಕಸದ ಹಣವನ್ನು ಮ್ಯಾಥ್ಯೂಸ್ ದಂಡಿಗೆ ಹಂಚಲಿಲ್ಲವೆಂದು ಅಧಿಕಾರಿಗಳು ಕೆರಳಿದರು. ಸಾಲದ್ದಕ್ಕೆ, ಇಂಗ್ಲೆಂಡಿನ ದೊರೆಯ ಸೈನ್ಯದವರಿಗೂ ಕಂಪನಿಯ ಸೈನ್ಯದವರಿಗೂ ಪದವಿಯ ಹೆಚ್ಚು ಕಡಿಮೆಯ ಬಗ್ಗೆ ಹಳೆಯ ಮತ್ಸರ. ಕರ್ನಲ್ ಮ್ಯಾಕ್ಲಿಯಡ್, ಕರ್ನಲ್ ಹಂಬರ್‌ಸ್ಟನ್, ಮೇಜರ್ ಷಾ ಮೂವರೂ ದಂಡನ್ನು ಬಿಟ್ಟು ಮುಂಬಯಿಗೆ ಹೋಗಿ ದೂರಿತ್ತರು. ಸರ್ಕಾರ ಮ್ಯಾಥ್ಯೂಸನನ್ನು ತೆಗೆದು ಮ್ಯಾಕ್ಲಿಯಡ್‌ನಿಗೆ ನಾಯಕತ್ವ ಕೊಟ್ಟಿತು. ಆದರೆ ಹಿಂದಿರುಗುವಾಗ, ಏಪ್ರಿಲ್ ತಿಂಗಳಲ್ಲಿ, ಅವರ ಹಡಗು ಮರಾಠರ ನೌಕಾಪಡೆಗೆ ಸಿಕ್ಕಿತು. ಷಾ ಕಾದಾಟದಲ್ಲಿ ಮಡಿದ, ಹಂಬರ್‌ಸ್ಟನ್ ಗಾಯಗಳಿಂದ ಸತ್ತ, ಮ್ಯಾಕ್ಲಿಯಡ್ ಸೆರೆಯಾದ. ಹೊಸ ನಾಯಕ ಬಿದನೂರನ್ನು ತಲುಪಲೇ ಇಲ್ಲ. ಹಳೆಯ ನಾಯಕನಲ್ಲಿ ಅಧಿಕಾರಿಗಳಿಗೆ ನಂಬಿಕೆ ಉಳಿದಿರಲಿಲ್ಲ. ಸಿಪಾಯಿಗಳು ಹಲವು ಠಾಣ್ಯಗಳಲ್ಲಿ ಚದುರಿಹೋಗಿದ್ದರು.

ಅಷ್ಟರಲ್ಲಿ ಟಿಪ್ಪು ಈ ಎತ್ತುಗಳ ಬಲದಿಂದ ಒಂದೇ ತಿಂಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನಾಡನ್ನು ಅಡ್ಡಹಾಯ್ದು ಬಂದನೆಂದು ಚರಿತ್ರಕಾರರು ಬರೆದಿದ್ದಾರೆ. ಮುತ್ತಿಗೆಯನ್ನು ತಾಳಲಾರದೆ ದಂಡು ಶರಣಾಯಿತು. ಕರಾರಿನಂತೆ ಅದು ಕರಾವಳಿಗೆ ಹೋಗಬೇಕಾಗಿತ್ತು. ಬೊಕ್ಕಸದ ಹಣವನ್ನು ಅಡಗಿಸಿಕೊಂಡರೆಂದು ಟಿಪ್ಪು ಎಲ್ಲರನ್ನೂ ಸೆರೆಗೆ ಕಳುಹಿಸಿದ. ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಅಸುನೀಗಿದ.

ಈ ಪ್ರಸಂಗವನ್ನು ಟಿಪ್ಪುವಿನ ವೇಗದ ಕಥೆಯಾಗಿಯೋ ಮ್ಯಾಥ್ಯೂಸನ ಲೋಭದ ಕಥೆಯಾಗಿಯೋ ಹೇಳುವುದುಂಟು. ಎರಡರಲ್ಲೂ ಸಾಮಾನ್ಯ ಸಿಪಾಯಿ ಮರೆತುಹೋಗುತ್ತಾನೆ. ಹಿರಿಯರ ಆ ಜಗಳದಲ್ಲಿ ಅವನ ಮಾತಿಗೆ ಎಡೆಯಿರಲಿಲ್ಲ. ಅದರ ಫಲವಾದ ಸೆರೆಯಲ್ಲಿ ಮಾತ್ರ ಅವನಿಗೂ ಪಾಲು ದೊರೆಯಿತು.