ಸ್ವದೇಶಿ ಖರೀದಿ ಮತ್ತು ಸಣ್ಣ ಉದ್ಯಮ: ಮುಂಬಯಿ, ಜೋಗೇಶ್ವರಿ

ದೇಶದಲ್ಲೇ ತಯಾರಾದ ಸರಕನ್ನು, ಆದಷ್ಟೂ ಹತ್ತಿರದ ಸಣ್ಣ ಉದ್ಯಮಗಳಿಂದ, ಬೇಕೆಂದೇ ಆರಿಸಿ ಕೊಳ್ಳುವ ರೂಢಿಗೆ ಸ್ವದೇಶಿ ಖರೀದಿ ಎಂದು ಹೆಸರು. ಭಾರತದಲ್ಲಿ ಇದು 1905ರ ಬಂಗಾಳ ವಿಭಜನೆಯ ವಿರುದ್ಧದ ಹೋರಾಟದೊಂದಿಗೆ ಜನಾಂದೋಲನದ ರೂಪ ಪಡೆಯಿತು. ಬಟ್ಟೆ ಗಿರಣಿ, ವಿದೇಶಿ ಬಟ್ಟೆಯ ಸಗಟು ಪೇಟೆ, ಖಾದಿ ಭಂಡಾರ ಮೂರೂ ಒಂದೇ ಊರಿನಲ್ಲಿದ್ದ ಮುಂಬಯಿಯಲ್ಲಿ ಇದರ ಸೋಲುಗೆಲುವುಗಳು ಸ್ಪಷ್ಟವಾಗಿ ಕಾಣುತ್ತವೆ. ನಗರದ ಪಶ್ಚಿಮ ಉಪನಗರ ಜೋಗೇಶ್ವರಿಯ ಓಶಿವರಾ ಪೀಠೋಪಕರಣ ಮಾರುಕಟ್ಟೆ ಈ ಇತಿಹಾಸದ ಇಂದಿನ ಅಧ್ಯಾಯ. ಕೊಳ್ಳುವವರ ಅಭಿಮಾನ ಚಳವಳಿಯನ್ನು ಹುಟ್ಟಿಸಬಲ್ಲದು. ಆದರೆ ಉದ್ಯಮವನ್ನು ಉಳಿಸಲು ಸಾಲ, ಮಳಿಗೆ, ಗುಣಮಟ್ಟದ ಮುದ್ರೆ ಮತ್ತು ನ್ಯಾಯವಾದ ಕೂಲಿಯ ಏರ್ಪಾಡು ಬೇಕು. ನೂರಿಪ್ಪತ್ತು ವರ್ಷಗಳ ಅನುಭವದಿಂದ ಹೊರಡುವ ತೀರ್ಮಾನ ಇದು.

ಅಭಿಮಾನದ ಕಾಲ

ಮೊದಲ ಅಲೆಯಲ್ಲೇ ಅಭಿಮಾನದ ಮಿತಿ ಬಯಲಾಯಿತು. ಬಂಗಾಳದಲ್ಲಿ ಇಂಗ್ಲಿಷ್ ಬಟ್ಟೆಯ ಬಹಿಷ್ಕಾರ ನಡೆದಾಗ ಬೇಡಿಕೆಯೆಲ್ಲ ದೇಶೀ ಗಿರಣಿಗಳತ್ತ ಹರಿದುಬಂತು. ಆ ಚಳವಳಿಯ ಲಾಭ ಪಡೆದು ತಾವು ಬಟ್ಟೆಯ ಬೆಲೆ ಏರಿಸಿದ್ದಾಗಿ ಒಬ್ಬ ಗಿರಣಿ ಮಾಲೀಕರು ನೇರವಾಗಿ ಒಪ್ಪಿಕೊಂಡದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಕೊಳ್ಳುವವನ ತ್ಯಾಗ ನೇಕಾರನ ಮನೆ ಮುಟ್ಟದೆ ನಡುವೆಯೇ ಲಾಭವಾಗಿ ಕರಗಿಹೋಗಬಹುದೆಂಬ ಪಾಠ ಅದರಲ್ಲಿತ್ತು. ಗಾಂಧೀಜಿ ಚರಕದತ್ತ ಒಲಿದುದಕ್ಕೆ ಇದೂ ಒಂದು ಕಾರಣ. 1921ರ ಜುಲೈ 31ರಂದು ಮುಂಬಯಿಯ ಪರೇಲಿನ ಎಲ್ಫಿನ್‌ಸ್ಟನ್ ಗಿರಣಿಯ ಆವರಣದಲ್ಲಿ ವಿದೇಶಿ ಬಟ್ಟೆಯ ದೊಡ್ಡ ರಾಶಿಗೆ ಬೆಂಕಿ ಇಡಲಾಯಿತು. 1930ರ ಡಿಸೆಂಬರ್ 12ರಂದು ಕಾಲಬಾದೇವಿಯಲ್ಲಿ ವಿದೇಶಿ ಬಟ್ಟೆ ಹೊತ್ತ ಲಾರಿಯನ್ನು ತಡೆಯಲು ಹೋದ ಗಿರಣಿ ಕಾರ್ಮಿಕ ಬಾಬು ಗೇನು ಅದರಡಿ ಸಿಕ್ಕಿ ಪ್ರಾಣ ಬಿಟ್ಟ. ಇಷ್ಟು ದೊಡ್ಡ ತ್ಯಾಗ ಕಂಡ ನಗರದಲ್ಲೂ ನಿತ್ಯದ ಕೊಳ್ಳುವಿಕೆ ಉದ್ವೇಗವೊಂದನ್ನೇ ನೆಚ್ಚಿ ನಡೆಯಲಿಲ್ಲ.

ವ್ರತದಿಂದ ಸಂಸ್ಥೆಗೆ

ಉದ್ವೇಗವೊಂದೇ ಸಾಲದೆಂಬುದಕ್ಕೆ ಕರ್ನಾಟಕದ ನೆಲದಲ್ಲೇ ಸಾಕ್ಷಿಯಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಸದಸ್ಯನಾಗುವವನು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಒಪ್ಪಿತು. ವರ್ಷ ತುಂಬುವುದರೊಳಗೆ ಅದನ್ನು ಸಡಿಲಿಸಬೇಕಾಯಿತು. 1925ರಲ್ಲಿ ಅಖಿಲ ಭಾರತ ಚರಕ ಸಂಘ ಸ್ಥಾಪನೆಯಾಗಿ ಹತ್ತಿ ಹಂಚುವುದು, ನೂಲು ಕೊಳ್ಳುವುದು, ಬಟ್ಟೆ ಮಾರುವುದು ಒಂದು ವ್ಯವಸ್ಥೆಗೆ ಒಳಪಟ್ಟವು. ಸ್ವಾತಂತ್ರ್ಯಾನಂತರ ಈ ಪರಂಪರೆಗೆ ಶಾಸನದ ಬಲ ಸಿಕ್ಕಿ 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೆಲಸ ಆರಂಭಿಸಿತು. ಅದರ ಕೇಂದ್ರ ಕಚೇರಿ ಇರುವುದು ಜೋಗೇಶ್ವರಿಯಿಂದ ದಕ್ಷಿಣಕ್ಕೆ ಎರಡನೆಯ ನಿಲ್ದಾಣವಾದ ವಿಲೇ ಪಾರ್ಲೆಯಲ್ಲಿ. ಆಯೋಗದ ಬೆಂಬಲ ಏನು ಮಾಡಬಲ್ಲದೆಂಬುದಕ್ಕೆ ಲಿಜ್ಜತ್ ಹಪ್ಪಳ ಒಳ್ಳೆಯ ಉದಾಹರಣೆ. 1959ರ ಮಾರ್ಚ್ 15ರಂದು ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಒತ್ತಲು ಕುಳಿತರು. 1966ರಲ್ಲಿ ಆಯೋಗ ಅದನ್ನು ಗ್ರಾಮೋದ್ಯೋಗವೆಂದು ಮಾನ್ಯ ಮಾಡಿ 8 ಲಕ್ಷ ರೂಪಾಯಿ ದುಡಿಯುವ ಬಂಡವಾಳ ಒದಗಿಸಿತು. ಗಿರಾಕಿಗಳು ಮೊದಲೇ ಇದ್ದರು. ಅವರ ಬೇಡಿಕೆಗೆ ತಕ್ಕಷ್ಟು ಬೇಳೆ ಕೊಳ್ಳುವ ಶಕ್ತಿ ಬಂದದ್ದು ಈ ಹಣದಿಂದ.

ಸಾಲದ ವಿಷಯದಲ್ಲಿ ಕನ್ನಡ ಕರಾವಳಿ ಇಡೀ ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟಿದೆ. ಸ್ವದೇಶಿ ಅಲೆಯ ನಡುವೆ, 1906ರಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯೂ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರಿಂದ ಕೆನರಾ ಬ್ಯಾಂಕೂ ಹುಟ್ಟಿದವು. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೂಲ ಉದ್ದೇಶವೇ ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು. 1928ರಿಂದ ಅದು ನಡೆಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ನೇಕಾರ ಮತ್ತು ಚಿಲ್ಲರೆ ಅಂಗಡಿಯವನ ದುಡ್ಡು ಹೀಗೆ ಒಟ್ಟುಗೂಡಿ ಅವರಂಥವರಿಗೇ ಸಾಲವಾಗಿ ಮರಳುವ ದಾರಿ ತೆರೆಯಿತು. ಅದೇ ಕರಾವಳಿಯಿಂದ ಮುಂಬಯಿಗೆ ಬಂದವರು ಈ ಬುದ್ಧಿಯನ್ನು ಜೊತೆಗೇ ತಂದರು. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಉಡುಪಿ ಹೋಟೆಲುಗಳು ನಗರದ ಸಣ್ಣ ಉದ್ಯಮಕ್ಕೆ ಹೊಸ ಮಾದರಿ ಕೊಟ್ಟವು. ಬಿಲ್ಲವ ಸಮಾಜದ ಮುಂದಾಳುಗಳು 1978ರಲ್ಲಿ ಸ್ಥಾಪಿಸಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಕೇಂದ್ರ ಕಚೇರಿ ಜೋಗೇಶ್ವರಿಯ ನೆರೆಯ ಗೋರೆಗಾಂವ್‌ನಲ್ಲಿದೆ. ಊರಿನವರ ಅಭಿಮಾನಕ್ಕೆ ಠೇವಣಿಯ ಆಸರೆ ಸಿಕ್ಕಲ್ಲೆಲ್ಲ ಅದು ವ್ಯಾಪಾರವಾಗಿ ನಿಂತಿದೆ.

ಜೋಗೇಶ್ವರಿಯ ಬಡಗಿಗಳು

1950ರಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಎಲ್ಲೆ ಪಶ್ಚಿಮ ರೈಲುಮಾರ್ಗದಲ್ಲಿ ಜೋಗೇಶ್ವರಿಯವರೆಗೆ ವಿಸ್ತರಿಸಿತು. ಊರಂಚಿನ ಈ ಪ್ರದೇಶದಲ್ಲಿ ಸಣ್ಣ ಕಾರ್ಖಾನೆಗಳೂ ‘ಗಾಲಾ’ ಎನ್ನುವ ಚಿಕ್ಕ ಕೆಲಸದ ಮಳಿಗೆಗಳೂ ಬೆಳೆದವು. ಪಶ್ಚಿಮ ಭಾಗದಲ್ಲಿ ಎಸ್.ವಿ. ರಸ್ತೆಯ ಆಸುಪಾಸಿನ ಓಶಿವರಾ ಮಾರುಕಟ್ಟೆ ಮರದ ಕೆಲಸಕ್ಕೆ ಹೆಸರಾಯಿತು. ಅಂಗಡಿಯ ಹಿಂದೆಯೇ ಕೆಲಸದ ಜಾಗ. ಹಳೆಯ ಕಟ್ಟಡ ಕೆಡವಿದಾಗ ಸಿಕ್ಕ ತೇಗದ ಬಾಗಿಲು, ತೊಲೆಗಳಿಂದ ಮೊಳೆ ಕಿತ್ತು, ಮೇಲಿನ ಬಣ್ಣ ಕೆರೆದು, ಮರಳು ಕಾಗದದಲ್ಲಿ ತಿಕ್ಕಿ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಹಚ್ಚುತ್ತಾರೆ. ಮುರಿದ ಕುರ್ಚಿಯ ಕಾಲನ್ನು ಇಲ್ಲಿ ಬದಲಾಯಿಸಿಕೊಳ್ಳಬಹುದು, ಗೋಡೆಯ ಅಳತೆ ಕೊಟ್ಟು ಕಪಾಟು ಮಾಡಿಸಿಕೊಳ್ಳಬಹುದು. ಹಳೆಯ ಮರಕ್ಕೆ ಎರಡನೆಯ ಆಯುಸ್ಸು ಕೊಡುವ ಈ ಕೌಶಲಕ್ಕೆ ಕೊಟ್ಟ ಬೆಲೆಯಲ್ಲಿ ದೊಡ್ಡ ಪಾಲು ಇದೇ ಊರಿನ ಕೂಲಿಯಾಗಿ ಉಳಿಯುತ್ತದೆ.

ಸರ್ಕಾರ 1967ರಲ್ಲಿ 47 ಸರಕುಗಳ ತಯಾರಿಕೆಯನ್ನು ಸಣ್ಣ ಉದ್ಯಮಗಳಿಗೆಂದೇ ಕಾದಿರಿಸಿತು. ಪಟ್ಟಿ ಮುಂದೆ 800 ದಾಟಿತು. ಉದಾರೀಕರಣದ ನಂತರ ಅದು ಕರಗುತ್ತ ಬಂದು, 2015ರ ಏಪ್ರಿಲ್‌ನಲ್ಲಿ ಕೊನೆಯ 20 ಸರಕುಗಳೂ ಹೊರಬಿದ್ದವು. ಮರದ ಪೀಠೋಪಕರಣ ಆ ಇಪ್ಪತ್ತರಲ್ಲಿ ಒಂದು. 2020ರ ಡಿಸೆಂಬರ್‌ನಲ್ಲಿ ನವಿ ಮುಂಬಯಿಯ ತುರ್ಭೆಯಲ್ಲಿ ಸ್ವೀಡನ್ ಮೂಲದ ಐಕಿಯಾ ಮಳಿಗೆ ತೆರೆಯಿತು. ಓಶಿವರಾ ಬಡಗಿಯ ಎದುರಾಳಿ ಈಗ ಜಗತ್ತಿಗೆಲ್ಲ ಒಂದೇ ಅಳತೆಯಲ್ಲಿ ಸರಕು ಮಾಡಿಸಿ ತರುವ ಸಂಸ್ಥೆ. ಇದರ ಜೊತೆಗೆ ಬೆಂಕಿಯ ಭಯ ಬೇರೆ: 2023ರ ಮಾರ್ಚ್ ಮತ್ತು 2025ರ ಫೆಬ್ರವರಿಯಲ್ಲಿ ಈ ಮಾರುಕಟ್ಟೆ ದೊಡ್ಡ ಅಗ್ನಿ ಅನಾಹುತಗಳನ್ನು ಕಂಡಿತು. ಮರ, ಪಾಲಿಶ್, ಇಕ್ಕಟ್ಟಾದ ಶೆಡ್ಡು ಒಟ್ಟಿಗಿದ್ದ ಕಡೆ ಕಿಡಿಯೊಂದೇ ಸಾಕು. ಜಾಗದ ಕಾಗದಪತ್ರ ಸರಿಯಿಲ್ಲದ ಉದ್ಯಮಿಗೆ ಬ್ಯಾಂಕ್ ಸಾಲವೂ ವಿಮೆಯೂ ಸುಲಭಕ್ಕೆ ದಕ್ಕುವುದಿಲ್ಲ. ಗಿರಾಕಿಯ ನಿಷ್ಠೆ ಎಷ್ಟೇ ಗಟ್ಟಿಯಿದ್ದರೂ ಸುಟ್ಟುಹೋದ ದಾಸ್ತಾನನ್ನು ಅದು ತುಂಬಿಕೊಡಲಾರದು.

ಗುಣಮುದ್ರೆಯ ಮಹತ್ವ

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇನ್ನೊಂದು ಪಾಠ ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ಅದು ರಾಷ್ಟ್ರಧ್ವಜ ತಯಾರಿಸುತ್ತದೆ. ಬಣ್ಣ, ಅಳತೆ, ನೇಯ್ಗೆಗೆ ಕಟ್ಟುನಿಟ್ಟಾದ ನಿಯಮಗಳಿವೆ. 24 ಅರಗಳ ಚಕ್ರ ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಈ ಕಟ್ಟುಪಾಡೇ ಸಂಘಕ್ಕೆ ಕೆಲಸವನ್ನೂ ಗೌರವವನ್ನೂ ತಂದಿತು. ಧ್ವಜ ನಿಯಮಗಳಿಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಾಗ ಖಾದಿ ಸಂಸ್ಥೆಗಳು ವಿರೋಧಿಸಿದವು. 2022ರಲ್ಲಿ ಮನೆಮನೆಯಲ್ಲೂ ಧ್ವಜ ಹಾರಿತು. ಅಷ್ಟು ಧ್ವಜಗಳನ್ನು ಕೈಮಗ್ಗ ಒದಗಿಸಲಾರದೆಂಬುದೂ ನಿಜ. ಆದರೆ ಅಗ್ಗದ ಧ್ವಜದ ಪಕ್ಕದಲ್ಲಿ ಕೈನೂಲಿನ ಧ್ವಜಕ್ಕೆ ಸರ್ಕಾರಿ ಖರೀದಿಯ ಭರವಸೆ ಕೊಡದೆ ಹೋದರೆ, ಆ ಕೌಶಲ ಒಂದು ತಲೆಮಾರಿನಲ್ಲೇ ಕಳೆದುಹೋಗಬಹುದು.

ಆಕ್ಷೇಪಗಳು

ಸ್ವದೇಶಿ ಖರೀದಿ ಬಡವನ ಜೇಬಿಗೆ ಭಾರ ಎಂಬುದು ಹಳೆಯ ಆಕ್ಷೇಪ. ರವೀಂದ್ರನಾಥ ಠಾಕೂರರು 1916ರ ‘ಘರೇ ಬಾಯ್ರೆ’ ಕಾದಂಬರಿಯಲ್ಲಿ ಬಹಿಷ್ಕಾರದಿಂದ ನಲುಗುವ ಬಡ ಚಿಲ್ಲರೆ ವ್ಯಾಪಾರಿಯನ್ನು ಚಿತ್ರಿಸಿದರು. ಈ ಆಕ್ಷೇಪ ಬಲವಂತಕ್ಕೆ ಪೂರ್ತಿ ಅನ್ವಯಿಸುತ್ತದೆ. ಅದರಿಂದಲೇ ಮೊದಲ ಹೊಣೆ ಕೈಯಲ್ಲಿ ಹಣವಿರುವ ಗಿರಾಕಿಯದು, ಸರ್ಕಾರದ್ದು, ದೊಡ್ಡ ಕಂಪನಿಗಳದ್ದು. ರಕ್ಷಣೆ ಆಲಸ್ಯ ಬೆಳೆಸುತ್ತದೆ ಎಂಬ ಎರಡನೆಯ ಆಕ್ಷೇಪಕ್ಕೆ ಮೀಸಲು ಪಟ್ಟಿಯ ಅನುಭವವೇ ಆಧಾರ: ಬಂಡವಾಳದ ಮಿತಿ ದಾಟಿದರೆ ಸೌಲಭ್ಯ ತಪ್ಪುವುದರಿಂದ ಎಷ್ಟೋ ಘಟಕಗಳು ಬೆಳೆಯಲು ಹಿಂಜರಿದವು. ಅದು ಪಟ್ಟಿಯ ರಚನೆಯ ದೋಷ. ಸಾಲ, ತರಬೇತಿ, ಗುಣಮುದ್ರೆಗಳಿಗೆ ಆ ದೋಷ ಅಂಟುವುದಿಲ್ಲ. ಆಮದು ಮರದಲ್ಲಿ ಮಾಡಿದ ಕುರ್ಚಿ ಸ್ವದೇಶಿಯೇ ಎಂದೂ ಕೇಳುವವರಿದ್ದಾರೆ. ಕಚ್ಚಾ ಸಾಮಗ್ರಿ ಎಲ್ಲಿಂದ ಬಂತೆಂಬುದಕ್ಕಿಂತ ಬೆಲೆಯ ಎಷ್ಟು ಪಾಲು ಇಲ್ಲಿನ ದುಡಿಮೆಗೆ ಸಂದಿತೆಂಬುದು ಹೆಚ್ಚು ಸರಿಯಾದ ಅಳತೆಗೋಲು. ಎಲ್ಲಕ್ಕಿಂತ ಗಂಭೀರವಾದದ್ದು ಕೂಲಿಯ ಪ್ರಶ್ನೆ: ಸಣ್ಣ ಕಾರ್ಖಾನೆಯೆಂದ ಮಾತ್ರಕ್ಕೆ ಅಲ್ಲಿ ಕೂಲಿ ನ್ಯಾಯವಾಗಿರುತ್ತದೆಂದು ನಂಬುವಂತಿಲ್ಲ. 1935ರಲ್ಲಿ ಚರಕ ಸಂಘ, ಖಾದಿ ತುಟ್ಟಿಯಾಗುತ್ತದೆಂದು ಗೊತ್ತಿದ್ದೂ, ನೂಲುವವರಿಗೆ ಜೀವನಕ್ಕೆ ಸಾಲುವಷ್ಟು ಕೂಲಿ ಸಿಗಬೇಕೆಂದು ನಿರ್ಣಯಿಸಿತು. ಸ್ವದೇಶಿಗೆ ನೈತಿಕ ಬಲ ಬಂದದ್ದು ಇಂಥ ನಿರ್ಣಯಗಳಿಂದ.

ಈಚಿನ ಕಾನೂನುಗಳು ಸಣ್ಣ ಉದ್ಯಮಕ್ಕೆ ಆಸರೆಯಾಗುವ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿವೆ. 2006ರ ಎಂ.ಎಸ್.ಎಂ.ಇ. (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯಿದೆ ಸಣ್ಣ ಪೂರೈಕೆದಾರರಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು ಹೇಳುತ್ತದೆ. ಕೇಂದ್ರ ಸರ್ಕಾರದ ಇಲಾಖೆಗಳು ಸಣ್ಣ ಉದ್ಯಮಗಳಿಂದ ಕೊಳ್ಳಬೇಕಾದ ಪಾಲನ್ನು 2018ರಲ್ಲಿ ಶೇ. 20ರಿಂದ 25ಕ್ಕೆ ಏರಿಸಲಾಯಿತು. 2020ರ ಮೇ ತಿಂಗಳಲ್ಲಿ ಪ್ರಧಾನಿ ಕೊಟ್ಟ ಸ್ಥಳೀಯ ಸರಕಿನ ಕರೆ ಗಿರಾಕಿಯ ಮನಸ್ಸನ್ನು ತಟ್ಟಿತು. ಆ ಕರೆಗೆ ಓಗೊಟ್ಟು ಓಶಿವರಾಕ್ಕೆ ಹೋಗುವವರು ಚೌಕಾಸಿಗೆ ಒಂದು ಮಿತಿ ಇಟ್ಟು, ಬಿಲ್ಲು ಕೇಳಿ, ಬಾಕಿ ಉಳಿಸದೆ ಹಣ ಕೊಟ್ಟರೆ ಬಡಗಿಗೆ ನಿಜವಾದ ಬೆಂಬಲ ಸಿಕ್ಕಂತೆ. ಬಿಲ್ಲಿನಿಂದ ವ್ಯಾಪಾರದ ದಾಖಲೆ ಬೆಳೆಯುತ್ತದೆ, ದಾಖಲೆಯಿದ್ದವನಿಗೆ ಬ್ಯಾಂಕಿನ ಬಾಗಿಲು ತೆರೆಯುವುದು ಸುಲಭವಾಗುತ್ತದೆ. ಅಗ್ನಿಸುರಕ್ಷೆಯ ಜಾಗ ಮತ್ತು ವಿಮೆಯನ್ನು ಒದಗಿಸುವ ಹೊಣೆ ಪಾಲಿಕೆ ಮತ್ತು ಸರ್ಕಾರಗಳ ಮೇಲಿದೆ.